ಗಲಿವರ್ ಎಂಬ ನಾವಿಕ: ಲಿಲಿಪುಟ್ ದಾಟಿದ ಮೇಲೆ

ಎಂಟನೆಯ ತರಗತಿಯ ಮಕ್ಕಳಿಗೆ ಗಲಿವರನ ಕತೆ ಹೇಳುವುದು ನಮಗೆ ಹಳೆಯ ಅಭ್ಯಾಸ. ಪಾಠಪುಸ್ತಕದಲ್ಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಜೋರು ಮಳೆಗೆ ಅರ್ಧ ತರಗತಿ ಖಾಲಿ ಇರುವ ದಿನ ಹೊಸ ಪಾಠ ತೆಗೆಯುವುದಕ್ಕಿಂತ ಕತೆ ಹೇಳುವುದೇ ವಾಸಿ. ಆದರೆ ನಾವು ಹೇಳುತ್ತಿದ್ದುದು ಎಲ್ಲರೂ ಹೇಳುವಷ್ಟೇ. ಹಡಗು ಒಡೆಯಿತು, ಗಲಿವರ್ ಈಜಿ ದಡ ಸೇರಿದ, ಎಚ್ಚರವಾದಾಗ ಅವನ ಮೈತುಂಬ ದಾರದಂಥ ಹಗ್ಗ, ಎದೆಯ ಮೇಲೆ ಆರು ಇಂಚಿನ ಮನುಷ್ಯರು. ಮಕ್ಕಳು ನಗುತ್ತಾರೆ, ಗಂಟೆ ಹೊಡೆಯುತ್ತದೆ, ಮುಗಿಯಿತು.

ಎರಡು ಮಳೆಗಾಲದ ಹಿಂದೆ ಇದೇ ಕತೆಯ ಕೊನೆಗೆ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಮಾಷ್ಟ್ರೇ, ಅವನು ಊರಿಗೆ ಬಂದರೆ ಎಷ್ಟು ದಿನ ನಿಲ್ಲುತ್ತಿದ್ದ?" ಅವಳ ತಂದೆ ಗಲ್ಫಿನಲ್ಲಿದ್ದಾರೆ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಹೋಗುತ್ತಾರೆ. ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಇಂಥ ಮಕ್ಕಳಿಲ್ಲದ ತರಗತಿ ಕಡಿಮೆ. ನಮಗೆ ಉತ್ತರ ಗೊತ್ತಿರಲಿಲ್ಲ. ಇಷ್ಟು ವರ್ಷ ಈ ಮನುಷ್ಯನ ಕತೆ ಹೇಳಿಯೂ ಅವನಿಗೊಂದು ಮನೆ ಇತ್ತು ಎಂಬುದನ್ನೇ ನಾವು ಗಮನಿಸಿರಲಿಲ್ಲ. ಆ ಶನಿವಾರ ಇಡೀ ಪುಸ್ತಕವನ್ನು ಮತ್ತೆ ತೆಗೆದು, ಪೆನ್ಸಿಲು ಹಿಡಿದು ಓದಲು ಕೂತೆವು. ಲೆಕ್ಕ ಹಾಕಲು ಹೊರಟವರಿಗೆ ಸಿಕ್ಕಿದ್ದು ಬೇರೆಯೇ ಒಬ್ಬ ಗಲಿವರ್.

ಮೊದಲು ಪುಸ್ತಕದ ವಿಚಾರ. 1726ರ ಅಕ್ಟೋಬರ್ 28ರಂದು ಲಂಡನ್ನಿನಲ್ಲಿ ಬೆಂಜಮಿನ್ ಮಾಟ್ ಎಂಬ ಪ್ರಕಾಶಕ ಇದನ್ನು ಹೊರತಂದ. ಮೊದಲ ಪುಟದಲ್ಲಿದ್ದ ಲೇಖಕನ ಹೆಸರು ಲೆಮ್ಯುಯೆಲ್ ಗಲಿವರ್, ಮೊದಲು ಹಡಗಿನ ಶಸ್ತ್ರವೈದ್ಯ, ಆಮೇಲೆ ಹಲವು ಹಡಗುಗಳ ಕಪ್ತಾನ. ಜೊನಾಥನ್ ಸ್ವಿಫ್ಟನ ಹೆಸರು ಎಲ್ಲಿಯೂ ಇಲ್ಲ. ಒಳಗೆ ಗಲಿವರನ ಭಾವಚಿತ್ರವೊಂದಿತ್ತು, ಅದರ ಕೆಳಗೆ ವಯಸ್ಸು 58 ಎಂದು ಕೆತ್ತಿತ್ತು. ಆಗ ಸ್ವಿಫ್ಟನ ವಯಸ್ಸೂ 58. ಅವನು ಡಬ್ಲಿನ್ನಿನ ಸಂತ ಪ್ಯಾಟ್ರಿಕ್ ಕೆಥೆಡ್ರಲಿನ ಡೀನ್ ಆಗಿದ್ದ ಪಾದ್ರಿ. ಹೆಸರು ಮುಚ್ಚಿಟ್ಟದ್ದಕ್ಕೆ ಕಾರಣವಿತ್ತು. ಎರಡು ವರ್ಷ ಹಿಂದೆ, 1724ರಲ್ಲಿ, ಐರ್ಲೆಂಡಿನ ಮೇಲೆ ಹೊರಿಸಲು ಹೊರಟಿದ್ದ ತಾಮ್ರದ ನಾಣ್ಯದ ವಿರುದ್ಧ ಬಟ್ಟೆ ವ್ಯಾಪಾರಿಯೊಬ್ಬನ ಸೋಗಿನಲ್ಲಿ ಅವನು ಪತ್ರಗಳನ್ನು ಬರೆದಿದ್ದ. ಬರೆದವನನ್ನು ಹಿಡಿದುಕೊಟ್ಟವರಿಗೆ 300 ಪೌಂಡ್ ಬಹುಮಾನ ಎಂದು ಸರಕಾರ ಸಾರಿತ್ತು. ಯಾರು ಬರೆದದ್ದೆಂದು ಡಬ್ಲಿನ್ನಿನಲ್ಲಿ ಬಹುಮಂದಿಗೆ ಗೊತ್ತಿದ್ದರೂ ಒಬ್ಬನೂ ಬಾಯಿ ಬಿಡಲಿಲ್ಲ.

ಹಾಗಾಗಿ ಗಲಿವರ್ ಎಂಬವನು ಸ್ವಿಫ್ಟ್ ತೊಟ್ಟ ಮುಖವಾಡ ಎಂದು ಹೇಳುವವರಿದ್ದಾರೆ. ನಾವು ಅದನ್ನು ಅರ್ಧ ಮಾತ್ರ ಒಪ್ಪುತ್ತೇವೆ. ಮುಖವಾಡವೇ ಆಗಿದ್ದರೆ ಸ್ವಿಫ್ಟ್ ಅವನಿಗೆ ಇಷ್ಟು ವಿವರವಾದ ಜಾತಕ ಬರೆಯುತ್ತಿರಲಿಲ್ಲ. ನಾಟಿಂಗ್‌ಹ್ಯಾಮ್‌ಶೈರಿನಲ್ಲಿ ತಂದೆಗೆ ಸಣ್ಣ ಆಸ್ತಿ, ಐದು ಗಂಡುಮಕ್ಕಳಲ್ಲಿ ಇವನು ಮೂರನೆಯವ. ಇಂಗ್ಲೆಂಡಿನಲ್ಲಿ ಆಸ್ತಿ ಹಿರಿಯ ಮಗನಿಗೆ ಹೋಗುವ ವಾಡಿಕೆ, ಮೂರನೆಯವನು ತನ್ನ ದಾರಿ ತಾನೇ ನೋಡಿಕೊಳ್ಳಬೇಕು. ಹದಿನಾಲ್ಕನೆಯ ವಯಸ್ಸಿಗೆ ಕೇಂಬ್ರಿಜಿಗೆ ಕಳುಹಿಸಿದರು, ಮೂರು ವರ್ಷಕ್ಕೆ ಹಣ ಸಾಲದೆ ಓದು ನಿಂತಿತು. ಲಂಡನ್ನಿನ ಜೇಮ್ಸ್ ಬೇಟ್ಸ್ ಎಂಬ ಶಸ್ತ್ರವೈದ್ಯನ ಬಳಿ ನಾಲ್ಕು ವರ್ಷ ಕೆಲಸ ಕಲಿತ. ಮನೆಯಿಂದ ಬಂದ ಚಿಲ್ಲರೆ ಹಣದಲ್ಲಿ ನೌಕಾಯಾನವನ್ನೂ ಗಣಿತವನ್ನೂ ಕಲಿತ. ಹಾಲೆಂಡಿನ ಲೈಡನ್ನಿನಲ್ಲಿ ವೈದ್ಯ ಓದಿದ. ಮೇರಿ ಬರ್ಟನ್ ಎಂಬ, ಕಾಲುಚೀಲದ ವ್ಯಾಪಾರಿಯ ಎರಡನೆಯ ಮಗಳನ್ನು ಮದುವೆಯಾದ. ವರದಕ್ಷಿಣೆ 400 ಪೌಂಡ್ ಎಂದು ಅದನ್ನೂ ಬರೆದಿಟ್ಟಿದ್ದಾನೆ.

ಗುರುವಾಗಿದ್ದ ಬೇಟ್ಸ್ ತೀರಿಹೋದ ಮೇಲೆ ರೋಗಿಗಳು ಬರಲಿಲ್ಲ. ಉಳಿದ ವೈದ್ಯರ ಹಾಗೆ ಮೋಸದ ದಾರಿ ಹಿಡಿಯಲು ತನ್ನ ಮನಸ್ಸು ಒಪ್ಪಲಿಲ್ಲ ಎನ್ನುತ್ತಾನೆ. ನಾವಿಕರ ನಡುವೆಯಾದರೂ ಸಂಪಾದನೆ ಆದೀತೆಂದು ಹಡಗುಕಟ್ಟೆಯ ಹತ್ತಿರ ವಾಪಿಂಗಿಗೆ ಮನೆ ಬದಲಿಸಿದ, ಅಲ್ಲಿಯೂ ಆಗಲಿಲ್ಲ. ಆಗ ಹಡಗು ಹತ್ತಿದ. ಆ ಕಾಲದಲ್ಲಿ ಲಂಡನ್ನಿನ ಶಸ್ತ್ರವೈದ್ಯರೂ ಕ್ಷೌರಿಕರೂ ಒಂದೇ ವೃತ್ತಿಸಂಘದವರು. ಅವರು ಬೇರೆಯಾದದ್ದು 1745ರಲ್ಲಿ. ಹಡಗಿನ ಶಸ್ತ್ರವೈದ್ಯ ಎಂದರೆ ದೊಡ್ಡ ಪದವಿಯೇನಲ್ಲ. ಸಾಹಸದ ಹುಚ್ಚಿನಿಂದ ಗಲಿವರ್ ಸಮುದ್ರಕ್ಕೆ ಹೋದ ಎಂದು ಮಕ್ಕಳ ಪುಸ್ತಕಗಳಲ್ಲಿ ಓದುತ್ತೇವೆ. ಮೊದಲ ಸಲ ಲಿಲಿಪುಟ್ಟಿನ ಕಡೆಗೆ ಹೊರಟಾಗ ಅವನು ಹೊಟ್ಟೆಪಾಡಿಗೆ ಹೊರಟವ. ಚಾಳಿ ಹಿಡಿದದ್ದು ಆಮೇಲೆ.

ಅಂದ ಹಾಗೆ, ಅದು ಪ್ರವಾಸಕಥನಗಳ ಕಾಲ. 1697ರಲ್ಲಿ ವಿಲಿಯಂ ಡ್ಯಾಂಪಿಯರ್ ತಾನು ಭೂಮಿ ಸುತ್ತಿದ ಕತೆಯನ್ನು ಬರೆದು ಹೆಸರು ಗಳಿಸಿದ್ದ. ಇವನು ಒಂದು ಕಾಲದಲ್ಲಿ ಕಡಲುಗಳ್ಳರ ಜೊತೆ ತಿರುಗಿದವ, 1690ರಲ್ಲಿ ನಮ್ಮ ಮದ್ರಾಸಿನಲ್ಲೂ ತಂಗಿದ್ದವ. ಗಲಿವರ್ ಈ ಡ್ಯಾಂಪಿಯರನನ್ನು ತನ್ನ ನೆಂಟ ಎಂದು ಹೇಳಿಕೊಳ್ಳುತ್ತಾನೆ! ಡ್ಯಾಂಪಿಯರನಂತೆಯೇ ಅವನೂ ತಾರೀಕು, ಅಕ್ಷಾಂಶ, ಗಾಳಿಯ ದಿಕ್ಕು, ಹಡಗಿನ ಟನ್ನು ಎಲ್ಲವನ್ನೂ ಕೊಡುತ್ತಾನೆ. ಎರಡನೆಯ ಪ್ರಯಾಣದ ಬಿರುಗಾಳಿಯ ವರ್ಣನೆಯಲ್ಲಿ ಹಾಯಿ, ಹಗ್ಗ, ಚುಕ್ಕಾಣಿಗಳ ಪಾರಿಭಾಷಿಕ ಶಬ್ದಗಳು ಎಷ್ಟು ದಟ್ಟವಾಗಿವೆ ಎಂದರೆ ಸಮುದ್ರ ಬಲ್ಲವನೇ ಬರೆದದ್ದು ಅನ್ನಿಸುತ್ತದೆ. ಅದನ್ನು ಸ್ವಿಫ್ಟ್ 1669ರ ಸ್ಯಾಮ್ಯುಯೆಲ್ ಸ್ಟರ್ಮಿಯ ನಾವಿಕರ ಕೈಪಿಡಿಯಿಂದ ಹೆಚ್ಚುಕಡಿಮೆ ಹಾಗೆಯೇ ಎತ್ತಿಕೊಂಡದ್ದು. ಪರೀಕ್ಷೆಯಲ್ಲಿ ಇಂಥದ್ದನ್ನು ಮಾಡಿದರೆ ನಾವು ಸೊನ್ನೆ ಕೊಡುತ್ತೇವೆ. ಸ್ವಿಫ್ಟನಿಗೆ ಕೊಡುವ ಹಾಗಿಲ್ಲ, ಯಾಕೆಂದರೆ ಅವನು ಆ ಭಾಷೆಯನ್ನೇ ಗೇಲಿ ಮಾಡುತ್ತಿದ್ದಾನೆ.

ಈ ಅಂಕಿಸಂಖ್ಯೆಗಳಿಗೆ ಜನ ಮೋಸಹೋದರು. ಸ್ವಿಫ್ಟನ ಗೆಳೆಯ ಡಾಕ್ಟರ್ ಆರ್ಬತ್‌ನಟ್ 1726ರ ನವೆಂಬರಿನಲ್ಲಿ ಬರೆದ ಪತ್ರದಲ್ಲಿ ಇಬ್ಬರ ಕತೆ ಇದೆ. ಒಬ್ಬ ಮುದುಕ ಪುಸ್ತಕ ಓದಿದವನೇ ನಕಾಶೆ ತೆಗೆದು ಲಿಲಿಪುಟ್ ಎಲ್ಲಿದೆಯೆಂದು ಹುಡುಕಿದನಂತೆ. ಒಬ್ಬ ಹಡಗಿನ ಯಜಮಾನ, ಗಲಿವರ್ ತನಗೆ ಚೆನ್ನಾಗಿ ಪರಿಚಯ, ಆದರೆ ಅವನ ಮನೆ ಇದ್ದದ್ದು ವಾಪಿಂಗಿನಲ್ಲಿ, ಮುದ್ರಕ ತಪ್ಪಾಗಿ ರಾದರ್‌ಹೈತ್ ಎಂದು ಹಾಕಿದ್ದಾನೆ ಎಂದನಂತೆ. 1735ರಲ್ಲಿ ಡಬ್ಲಿನ್ನಿನ ಫಾಕ್ನರ್ ಹೊರತಂದ ಆವೃತ್ತಿಯಲ್ಲಿ ಗಲಿವರನ ಚಿತ್ರದ ಕೆಳಗೆ ರೋಮನ್ ಕವಿ ಹೊರೇಸನ ಎರಡು ಲ್ಯಾಟಿನ್ ಶಬ್ದಗಳನ್ನು ಹಾಕಿದರು. ಭವ್ಯವಾಗಿ ಸುಳ್ಳು ಹೇಳುವವ ಎಂದು ಅದರ ಅರ್ಥ. ಪುಸ್ತಕದುದ್ದಕ್ಕೂ ತಾನು ನಿಜವನ್ನಲ್ಲದೆ ಬೇರೇನೂ ಹೇಳುವುದಿಲ್ಲ ಎಂದು ಆಣೆ ಇಡುವವನ ಚಿತ್ರದ ಕೆಳಗೆ!

ಸುಳ್ಳುಗಾರ ಎನ್ನುವುದಕ್ಕಿಂತ, ಅಳೆಯಲು ಬಲ್ಲವ, ತೂಗಲು ಬಾರದವ ಎಂದರೆ ಗಲಿವರನ ಸ್ವಭಾವಕ್ಕೆ ಹೆಚ್ಚು ಹತ್ತಿರ ಎಂದು ನಮಗನ್ನಿಸುತ್ತದೆ. ಲಿಲಿಪುಟ್ಟಿನಲ್ಲಿ ಅವನು ಒಳ್ಳೆಯವನೇ. ಶತ್ರುದೇಶ ಬ್ಲೆಫುಸ್ಕುವಿನ ಐವತ್ತು ಯುದ್ಧದ ಹಡಗುಗಳನ್ನು ಹಗ್ಗ ಕಟ್ಟಿ ಎಳೆದು ತಂದ. ಆ ದೇಶವನ್ನೇ ಗುಲಾಮ ಮಾಡಿಕೊಡು ಎಂದು ಚಕ್ರವರ್ತಿ ಕೇಳಿದಾಗ, ಸ್ವತಂತ್ರ ಜನರನ್ನು ದಾಸ್ಯಕ್ಕೆ ತಳ್ಳುವ ಕೆಲಸ ತನ್ನದಲ್ಲ ಎಂದ. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂಬ ಜಗಳಕ್ಕೆ ಹನ್ನೊಂದು ಸಾವಿರ ಮಂದಿ ಸತ್ತದ್ದನ್ನು ಮುಖದ ಮೇಲೆ ಒಂದು ಗೆರೆ ಬದಲಿಸದೆ ವರದಿ ಮಾಡುತ್ತಾನೆ. ಆದರೆ ಅದೇ ಗಲಿವರ್, ಆರು ಇಂಚಿನ ಅರಸ ಕೊಟ್ಟ ನಾರ್ಡಾಕ್ ಎಂಬ ಬಿರುದಿಗೆ ಉಬ್ಬಿಹೋಗುತ್ತಾನೆ. ಖಜಾನೆಯ ಮಂತ್ರಿಯ ಹೆಂಡತಿಗೂ ತನಗೂ ಸಂಬಂಧ ಕಟ್ಟಿ ಊರವರು ಮಾತಾಡಿದರೆಂದು, ಅಂಗೈಯಲ್ಲಿ ನಿಲ್ಲುವಷ್ಟು ಸಣ್ಣ ಆ ಹೆಂಗಸಿನ ಮಾನ ಕಾಪಾಡಲು ಒಂದು ಪುಟ ವಾದಿಸುತ್ತಾನೆ. ಬಿರುದಿನಲ್ಲಿ ತಾನು ಆ ಮಂತ್ರಿಗಿಂತ ಮೇಲೆ ಎಂಬುದನ್ನೂ ನಡುವೆ ಸೇರಿಸುತ್ತಾನೆ. ಸುತ್ತಲಿನವರ ಅಳತೆಗೆ ತನ್ನ ಮನಸ್ಸನ್ನು ಕುಗ್ಗಿಸಿಕೊಳ್ಳುವುದು ಅವನಿಗೆ ಅಭ್ಯಾಸವಾಗುವುದು ಇಲ್ಲಿಂದಲೇ.

ಬ್ಲೆಫುಸ್ಕುವಿನಿಂದ ಬರುವಾಗ ಅಲ್ಲಿನ ಪುಟ್ಟ ದನಗಳನ್ನು ತಂದಿದ್ದ. ಇಂಗ್ಲೆಂಡಿನಲ್ಲಿ ಅವನ್ನು ಜನರಿಗೆ ತೋರಿಸಿ ಹಣ ಮಾಡಿದ, ಕೊನೆಗೆ 600 ಪೌಂಡಿಗೆ ಮಾರಿದ. ಎರಡನೆಯ ಪ್ರಯಾಣದಲ್ಲಿ ದೈತ್ಯರ ದೇಶ ಬ್ರಾಬ್ಡಿಂಗ್ನಾಗಿನಲ್ಲಿ ಸಿಕ್ಕಿಬಿದ್ದಾಗ ಒಬ್ಬ ರೈತ ಇವನನ್ನೇ ಪೆಟ್ಟಿಗೆಯಲ್ಲಿಟ್ಟು ಸಂತೆ ಸಂತೆಯಲ್ಲಿ ತೋರಿಸಿ ಕಾಸು ಎಣಿಸಿದ. ದಿನಕ್ಕೆ ಹಲವು ಸಲ ಆಡಿಸಿ ಆಡಿಸಿ ಇವನು ಮೂಳೆಚಕ್ಕಳವಾದ. ಆ ರೈತನ ಆಸೆಬುರುಕತನವನ್ನು ಗಲಿವರ್ ಬರೆಯುತ್ತಾನೆ. ತನ್ನ ದನಗಳ ನೆನಪು ಮಾತ್ರ ಅವನಿಗೆ ಬರುವುದಿಲ್ಲ. ಸ್ವಿಫ್ಟ್ ಕೂಡ ನೆನಪಿಸುವುದಿಲ್ಲ. ನಾವು ಹಿಂದಿನ ಪುಟ ತಿರುವಿ ನೋಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಲ್ಲಿ ಇವನನ್ನು ಬದುಕಿಸಿದ್ದು ಆ ರೈತನ ಒಂಬತ್ತು ವರ್ಷದ ಮಗಳು. ಭಾಷೆ ಕಲಿಸಿದಳು, ಬಟ್ಟೆ ಹೊಲಿದುಕೊಟ್ಟಳು, ಗಾಯವಾಗದಂತೆ ನೋಡಿಕೊಂಡಳು. ಅವಳ ಉಪಕಾರವನ್ನು ಗಲಿವರ್ ಮರೆಯುವುದಿಲ್ಲ. ಅರಸನ ಜೊತೆ ಮಾತ್ರ ಎಡವುತ್ತಾನೆ. ಇಂಗ್ಲೆಂಡಿನ ಸಂಸತ್ತು, ನ್ಯಾಯಾಲಯ, ಯುದ್ಧ ಎಲ್ಲವನ್ನೂ ಅರಸ ಕೇಳಿ ತಿಳಿದು, ಇಂಥ ಜನ ಭೂಮಿಯ ಮೇಲೆ ಹರಿದಾಡುವ ಹುಳುಗಳಿಗಿಂತ ಕಡೆ ಎಂದು ತೀರ್ಮಾನಿಸಿದ. ಅವನನ್ನು ಮೆಚ್ಚಿಸಲೆಂದು ಗಲಿವರ್ ಮದ್ದುಗುಂಡಿನ ವಿದ್ಯೆ ಹೇಳಿಕೊಡಲು ಮುಂದಾದ. ಇದರಿಂದ ಊರಿಗೆ ಊರೇ ಸುಟ್ಟುಹಾಕಬಹುದು, ಎದುರು ನಿಂತ ಪ್ರಜೆಗಳನ್ನು ಅಡಗಿಸಬಹುದು ಎಂದ. ಅರಸ ಬೆಚ್ಚಿಬಿದ್ದು, ಜೀವದ ಆಸೆಯಿದ್ದರೆ ಆ ಮಾತನ್ನು ಮತ್ತೆ ಎತ್ತಬೇಡ ಎಂದ. ಎಂಥ ಸಂಕುಚಿತ ಬುದ್ಧಿ ಎಂದು ಗಲಿವರ್ ಮರುಗುತ್ತಾನೆ. ಬ್ಲೆಫುಸ್ಕುವನ್ನು ಗುಲಾಮ ಮಾಡಲಾರೆ ಎಂದವನೇ ಇವನು! ತಾನು ದೊಡ್ಡವನಾಗಿದ್ದಾಗ ಇದ್ದ ನ್ಯಾಯಬುದ್ಧಿ, ತಾನು ಸಣ್ಣವನಾದಾಗ ಎಲ್ಲಿ ಹೋಯಿತು? ಈ ಎರಡು ಪ್ರಸಂಗಗಳನ್ನು ಪಕ್ಕಪಕ್ಕ ಇಟ್ಟು ಓದದವರು ಗಲಿವರನನ್ನು ಓದಿದಂತಾಗಲಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇನ್ನು ನಮ್ಮ ಕಡೆಗೆ ಬರುವ ದಾರಿ. ದೈತ್ಯರ ನಾಡಿಗೆ ಸಿಕ್ಕಿಬಿದ್ದ ಹಡಗು 1702ರ ಜೂನ್ 20ರಂದು ಹೊರಟದ್ದು ಸೂರತ್ತಿಗೆ. ಮೂರನೆಯ ಪ್ರಯಾಣದಲ್ಲಿ ಗಲಿವರ್ ನಿಜವಾಗಿ ಭಾರತದ ನೆಲ ಮುಟ್ಟುತ್ತಾನೆ. 1707ರ ಏಪ್ರಿಲ್ 11ಕ್ಕೆ ಮದ್ರಾಸಿನ ಸಂತ ಜಾರ್ಜ್ ಕೋಟೆ ಸೇರಿ, ಕಾಯಿಲೆ ಬಿದ್ದ ನಾವಿಕರ ಸಲುವಾಗಿ ಮೂರು ವಾರ ಅಲ್ಲಿ ನಿಂತರು. ಔರಂಗಜೇಬ ತೀರಿಕೊಂಡು ಆಗ ಎರಡು ತಿಂಗಳೂ ಆಗಿರಲಿಲ್ಲ. ಕೋಟೆಯಲ್ಲಿ ಕಂಪನಿಯ ಗವರ್ನರ್ ಆಗಿದ್ದವನು ಥಾಮಸ್ ಪಿಟ್. ನಮ್ಮ ಬೇಕಲ ಕೋಟೆ ಇಕ್ಕೇರಿ ಅರಸರ ಕೈಯಲ್ಲಿತ್ತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಾಸರಗೋಡು ಆ ಮದ್ರಾಸಿನ ಆಳ್ವಿಕೆಗೆ ಸೇರಿ, 1956ರ ವರೆಗೂ ಅಲ್ಲಿಂದಲೇ ಆಳಿಸಿಕೊಂಡಿತು. ಗಲಿವರ್ ಬಂದಾಗ ಅದೆಲ್ಲ ಯಾರ ಕನಸಿನಲ್ಲಿಯೂ ಇರಲಿಲ್ಲ. ಅವನು ಮದ್ರಾಸಿನ ಬಗ್ಗೆ ಒಂದೇ ಒಂದು ವಾಕ್ಯದಲ್ಲಿ ಮುಗಿಸಿ ಟಾಂಕಿನ್ನಿಗೆ ಹಡಗು ಬಿಡುತ್ತಾನೆ. ಇಲ್ಲದ ದೇಶಗಳಿಗೆ ನೂರಾರು ಪುಟ, ಇರುವ ದೇಶಕ್ಕೆ ಒಂದು ಸಾಲು.

ಮೂರನೆಯ ಭಾಗ ಸ್ವಲ್ಪ ಚದುರಿಹೋಗಿದೆ. ಹಾರುವ ದ್ವೀಪ, ಸೌತೆಕಾಯಿಯಿಂದ ಬಿಸಿಲು ತೆಗೆಯಲು ಎಂಟು ವರ್ಷ ಕೂತವ, ಸಾವಿಲ್ಲದೆ ಮುದಿಯಾಗುತ್ತಲೇ ಇರುವ ನತದೃಷ್ಟರು, ಎಲ್ಲ ಬರುತ್ತಾರೆ. ಅಧ್ಯಾಪಕರಾದ ನಮಗೆ ಇಷ್ಟವಾದದ್ದು ಗಣಿತದ ಶಾಲೆ. ಅಲ್ಲಿ ಪ್ರಮೇಯವನ್ನು ತೆಳ್ಳಗಿನ ಬಿಲ್ಲೆಯ ಮೇಲೆ ವಿಶೇಷ ಶಾಯಿಯಲ್ಲಿ ಬರೆದು ಮಕ್ಕಳಿಗೆ ನುಂಗಲು ಕೊಡುತ್ತಾರೆ. ಮೂರು ದಿನ ಬರೇ ರೊಟ್ಟಿ, ನೀರು ಪಥ್ಯ. ಅಷ್ಟರಲ್ಲಿ ಪ್ರಮೇಯ ತಲೆಗೆ ಏರಬೇಕು. ಮಕ್ಕಳು ಗುಟ್ಟಾಗಿ ಉಗಿಯುತ್ತಾರೆ, ಪಥ್ಯವನ್ನೂ ಮಾಡುವುದಿಲ್ಲ. ಈ ಪ್ರಸಂಗ ಓದಿ ನಮ್ಮ ಸ್ಟಾಫ್ ರೂಮಿನಲ್ಲಿ ನಕ್ಕವರಿಗಿಂತ ಸುಮ್ಮನಾದವರೇ ಹೆಚ್ಚು.

ನಾಲ್ಕನೆಯ ಪ್ರಯಾಣಕ್ಕೆ ಗಲಿವರ್ ಕಪ್ತಾನನಾಗಿ ಹೊರಟ. ದಾರಿಯಲ್ಲಿ ಸೇರಿಸಿಕೊಂಡ ನಾವಿಕರು ದಂಗೆ ಎದ್ದು, 1711ರಲ್ಲಿ ಅವನನ್ನು ಒಂದು ದಡದಲ್ಲಿ ಇಳಿಸಿ ಹೋದರು. ಅದು ವಿವೇಕಿಗಳಾದ ಕುದುರೆಗಳ ನಾಡು. ಅಲ್ಲಿ ಮನುಷ್ಯರಂತೆಯೇ ಕಾಣುವ ಕೊಳಕು, ಕ್ರೂರ ಪ್ರಾಣಿಗಳಿಗೆ ಯಾಹೂ ಎಂದು ಹೆಸರು. ಮಿಂಚಂಚೆಯ ಕಂಪನಿಯ ಹೆಸರಾಗಿ ನಾವೆಲ್ಲ ಕೇಳಿದ ಆ ಶಬ್ದ ಹುಟ್ಟಿದ್ದು ಈ ಪುಸ್ತಕದಲ್ಲಿ. ಸುಳ್ಳೆಂಬ ಶಬ್ದವೇ ಇಲ್ಲದ ಆ ಕುದುರೆಗಳಿಗೆ ಗಲಿವರ್ ಮರುಳಾದ. ತಾನು ಯಾಹೂ ಅಲ್ಲವೆಂದು ನಂಬಲು ಹೆಣಗಿದ, ಆಗಲಿಲ್ಲ. ಇಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ ಎಂದು ಕುದುರೆಗಳ ಸಭೆ ತೀರ್ಮಾನಿಸಿ ಅವನನ್ನು ಹೊರಹಾಕಿತು. ಹೋಗಲು ಅವನು ಒಂದು ದೋಣಿ ಕಟ್ಟಿದ. ಅದಕ್ಕೆ ಹೊದಿಸಿದ್ದು ಯಾಹೂಗಳ ಚರ್ಮ. ಹಾಯಿಗೆ ಮೃದುವಾಗಿರಲೆಂದು ಎಳೆಯ ಯಾಹೂಗಳ ಚರ್ಮ. ಸಂದುಗಳಿಗೆ ತುಂಬಿದ್ದು ಅವುಗಳದ್ದೇ ಕೊಬ್ಬು. ಬಡಗಿಯೊಬ್ಬ ಹಲಗೆಯ ಲೆಕ್ಕ ಹೇಳಿದಂತೆ ಇದನ್ನು ಹೇಳಿ ಮುಂದೆ ಹೋಗುತ್ತಾನೆ. ಮಕ್ಕಳಿಗೆ ಈ ಭಾಗ ಹೇಳುವುದೋ ಬೇಡವೋ ಎಂದು ನಮಗಿನ್ನೂ ತೀರ್ಮಾನಕ್ಕೆ ಬರಲು ಆಗಿಲ್ಲ. ದೊಡ್ಡವರಾದರೂ ಓದಬೇಕು. ವಿವೇಕವೊಂದನ್ನೇ ಪೂಜಿಸಿದ ಮನುಷ್ಯ ಎಲ್ಲಿಗೆ ಬಂದು ನಿಂತ ಎಂಬುದು ಆ ನಾಲ್ಕು ಸಾಲಿನಲ್ಲಿದೆ.

ಅವನನ್ನು ಸಮುದ್ರದಿಂದ ಎತ್ತಿದ್ದು ಒಂದು ಪೋರ್ಚುಗೀಸ್ ಹಡಗು. ಅದರ ಕಪ್ತಾನ ಪೆಡ್ರೊ ಡಿ ಮೆಂಡೆಜ್. ಇಡೀ ಪುಸ್ತಕದಲ್ಲಿ ನಮಗೆ ಅತ್ಯಂತ ಪ್ರಿಯನಾದ ಪಾತ್ರ ಇವನೇ, ಆದರೆ ಯಾವ ಮಕ್ಕಳ ಆವೃತ್ತಿಯಲ್ಲೂ ಇವನನ್ನು ನಾವು ಕಂಡಿಲ್ಲ. ಹುಚ್ಚನಂತೆ ಕುದುರೆಯ ಧ್ವನಿಯಲ್ಲಿ ಮಾತಾಡುವ, ಚರ್ಮ ಹೊದ್ದ ಈ ಅಪರಿಚಿತನಿಗೆ ಅವನು ಊಟ ಕೊಟ್ಟ, ಹಾಸಿಗೆ ಕೊಟ್ಟ, ಬಾಡಿಗೆ ಬೇಡ ಎಂದ. ಸಮುದ್ರಕ್ಕೆ ಹಾರಲು ಹೋದಾಗ ತಡೆದು ಸಮಾಧಾನ ಮಾಡಿದ. ಲಿಸ್ಬನ್ನಿನಲ್ಲಿ ತನ್ನ ಮನೆಯಲ್ಲೇ ಇರಿಸಿಕೊಂಡ, ಹೆಂಡತಿ ಮಕ್ಕಳ ಬಳಿಗೆ ಹೋಗುವುದು ನಿನ್ನ ಕರ್ತವ್ಯ ಎಂದು ಒಪ್ಪಿಸಿದ, 20 ಪೌಂಡ್ ಕೈಗಿಟ್ಟ. ಬೀಳ್ಕೊಡುವಾಗ ಅಪ್ಪಿಕೊಂಡ. ಗಲಿವರ್ ಅದನ್ನು ಹೇಗೋ ಸಹಿಸಿಕೊಂಡ. ಯಾಹೂ ಜಾತಿಯವನಲ್ಲಿ ಇಷ್ಟು ಸೌಜನ್ಯ ಹೇಗೆ ಎಂದು ಮೊದಲು ಒಮ್ಮೆ ಆಶ್ಚರ್ಯಪಟ್ಟದ್ದುಂಟು, ಅಷ್ಟೇ. ಆ ಆಶ್ಚರ್ಯವನ್ನು ಅವನು ಮುಂದಕ್ಕೆ ಕೊಂಡುಹೋಗಲಿಲ್ಲ. ಮನುಷ್ಯರೆಲ್ಲ ಹೊಲಸು ಎಂಬ ಅವನ ಸಿದ್ಧಾಂತಕ್ಕೆ ಎದುರು ಸಾಕ್ಷಿ ಕಣ್ಣೆದುರೇ ನಿಂತಿತ್ತು. ಮೂಗು ಮುಚ್ಚಿಕೊಂಡದ್ದರಿಂದ ಕಾಣಲಿಲ್ಲವೋ ಏನೋ.

ಆದರೆ ಇದೇ ಮನುಷ್ಯನ ಬಾಯಿಂದ ಪುಸ್ತಕದ ಕೊನೆಗೆ ಇನ್ನೊಂದು ಮಾತು ಬರುತ್ತದೆ. ತಾನು ಕಂಡ ದೇಶಗಳ ವಿಷಯವನ್ನು ಸರಕಾರಕ್ಕೆ ತಿಳಿಸಿ, ಅವನ್ನು ಇಂಗ್ಲೆಂಡಿನ ದೊರೆಗೆ ಸೇರಿಸಬೇಕಿತ್ತು ಎಂದು ಯಾರೋ ಅವನಿಗೆ ಹೇಳಿದ್ದರು. ಅವನು ಒಲ್ಲೆ ಎನ್ನುತ್ತಾನೆ. ಹೊಸ ನೆಲ ಹಿಡಿಯುವುದೆಂದರೆ ಏನೆಂದು ವಿವರಿಸುತ್ತಾನೆ. ಕಡಲುಗಳ್ಳರ ಒಂದು ಗುಂಪು ಗಾಳಿಗೆ ಸಿಕ್ಕಿ ಎಲ್ಲಿಯೋ ದಡ ಸೇರುತ್ತದೆ. ಅಲ್ಲಿಯ ಜನ ಉಪಚರಿಸುತ್ತಾರೆ. ಇವರು ಆ ನಾಡಿಗೆ ಹೊಸ ಹೆಸರಿಟ್ಟು, ಗುರುತಿಗೊಂದು ಹಲಗೆಯನ್ನೋ ಕಲ್ಲನ್ನೋ ನೆಟ್ಟು, ಒಂದಿಪ್ಪತ್ತು ಮೂವತ್ತು ಮಂದಿಯನ್ನು ಕೊಂದು, ಮಾದರಿಗೆ ಇಬ್ಬರನ್ನು ಹಿಡಿದು ತಂದು ಕ್ಷಮೆ ಪಡೆಯುತ್ತಾರೆ. ಆಮೇಲೆ ಹಡಗುಗಳು ಹೋಗುತ್ತವೆ, ಧರ್ಮದ ಹೆಸರಿನಲ್ಲಿ ಉಳಿದದ್ದು ನಡೆಯುತ್ತದೆ. ಇಷ್ಟು ಹೇಳಿ, ಬ್ರಿಟಿಷರಿಗೆ ಮಾತ್ರ ಇದು ಅನ್ವಯಿಸುವುದಿಲ್ಲ ಎಂದು ವಿನಯದಿಂದ ಸೇರಿಸುತ್ತಾನೆ. ಐರ್ಲೆಂಡಿನಲ್ಲಿ ಕೂತು ಸ್ವಿಫ್ಟ್ ಇದನ್ನು ಬರೆಯುವಾಗ ನಕ್ಕಿರಬೇಕು. 1726ರಲ್ಲಿ, ಪ್ಲಾಸಿ ಯುದ್ಧಕ್ಕೆ 31 ವರ್ಷ ಮೊದಲು, ಇಷ್ಟು ಸ್ಪಷ್ಟವಾಗಿ ಬರೆದ ಇಂಗ್ಲಿಷ್ ಪುಸ್ತಕಗಳು ನಮಗೆ ಹೆಚ್ಚು ಸಿಕ್ಕಿಲ್ಲ. ಇಷ್ಟನ್ನು ಕಂಡ ಕಣ್ಣಿಗೇ ಪೆಡ್ರೊನ ಒಳ್ಳೆಯತನ ಕಾಣಲಿಲ್ಲ.

ಈಗ ಆ ಹುಡುಗಿಯ ಲೆಕ್ಕ. ಗಲಿವರ್ 1699ರ ಮೇ 4ರಂದು ಬ್ರಿಸ್ಟಲಿನಿಂದ ಹೊರಟ. 1702ರ ಏಪ್ರಿಲಿನಲ್ಲಿ ಬಂದವನು ಎರಡು ತಿಂಗಳು ನಿಂತ. ಹೋಗುವಾಗ ಹೆಂಡತಿಗೆ 1500 ಪೌಂಡ್ ಕೊಟ್ಟು ರೆಡ್ರಿಫಿನಲ್ಲಿ, ಅಂದರೆ ಆ ಹಡಗಿನ ಯಜಮಾನ ಹೇಳಿದ ರಾದರ್‌ಹೈತಿನಲ್ಲಿಯೇ, ಮನೆ ಮಾಡಿಟ್ಟ. ಮಗ ಜಾನಿ ಶಾಲೆಯಲ್ಲಿದ್ದ, ಮಗಳು ಬೆಟ್ಟಿ ಹೊಲಿಗೆ ಕಲಿಯುತ್ತಿದ್ದಳು. 1706ರ ಜೂನಿನಲ್ಲಿ ಬಂದು ಮತ್ತೆ ಎರಡು ತಿಂಗಳು. ಆ ಸಲ ದೈತ್ಯರ ಗುಂಗಿನಲ್ಲಿ, ಹೆಂಡತಿಯೂ ಮಗಳೂ ಉಪವಾಸ ಬಿದ್ದು ಸೊರಗಿ ಸಣ್ಣಗಾಗಿದ್ದಾರೆ ಎಂದು ಬೈದ. 1710ರ ಏಪ್ರಿಲಿನಲ್ಲಿ ಬಂದು ಐದು ತಿಂಗಳು ಸುಖವಾಗಿದ್ದ. ಸೆಪ್ಟೆಂಬರ್ 7ಕ್ಕೆ, ಹೆಂಡತಿ ತುಂಬು ಬಸುರಿಯಾಗಿರುವಾಗ, ಹೊರಟ. 1715ರ ಡಿಸೆಂಬರ್ 5ಕ್ಕೆ ಕೊನೆಯ ಸಲ ಬಂದ. ಹದಿನಾರೂವರೆ ವರ್ಷದಲ್ಲಿ ಮನೆಯಲ್ಲಿದ್ದದ್ದು ಸುಮಾರು ಒಂಬತ್ತು ತಿಂಗಳು. ತಮಾಷೆಯೆಂದರೆ ಮೂರನೆಯ ಸಲ ಬಂದಾಗ ತಾನು ಊರು ಬಿಟ್ಟು ಸರಿಯಾಗಿ ಐದೂವರೆ ವರ್ಷ ಆಯಿತು ಎನ್ನುತ್ತಾನೆ. ಅವನದ್ದೇ ತಾರೀಕುಗಳನ್ನು ಕೂಡಿಸಿದರೆ ಮೂರು ವರ್ಷ ಎಂಟು ತಿಂಗಳು ಮಾತ್ರ. ಸಮುದ್ರದ ಅಕ್ಷಾಂಶ ತಪ್ಪದವನಿಗೆ ಮನೆಯ ಲೆಕ್ಕ ತಪ್ಪಿದೆ. ಮುದ್ರಣದೋಷವೋ, ಸ್ವಿಫ್ಟನ ಅಜಾಗ್ರತೆಯೋ, ಬೇಕೆಂದೇ ಬಿಟ್ಟದ್ದೋ, ನೀವೇ ಯೋಚಿಸಿ.

ಕೊನೆಯ ಸಲ ಬಂದಾಗ ಮೇರಿ ಓಡಿಬಂದು ಅಪ್ಪಿಕೊಂಡು ಮುತ್ತು ಕೊಟ್ಟಳು. ಸತ್ತನೆಂದೇ ತಿಳಿದಿದ್ದ ಗಂಡ. ಅವನು ಯಾಹೂವಿನ ಸ್ಪರ್ಶಕ್ಕೆ ಹೇಸಿ ಒಂದು ಗಂಟೆ ಮೂರ್ಛೆ ಬಿದ್ದ. ಮೊದಲು ಕೂಡಿದ ಹಣದಲ್ಲಿ ಎರಡು ಗಂಡು ಕುದುರೆ ಕೊಂಡು, ದಿನಕ್ಕೆ ನಾಲ್ಕು ಗಂಟೆ ಲಾಯದಲ್ಲಿ ಅವುಗಳ ಜೊತೆ ಮಾತಾಡುತ್ತಿದ್ದ. ತನ್ನ ಲೋಟವನ್ನು ಮಕ್ಕಳು ಮುಟ್ಟುವ ಹಾಗಿರಲಿಲ್ಲ. ಐದು ವರ್ಷದ ಮೇಲೆ, ಉದ್ದದ ಮೇಜಿನ ಆಚೆಯ ತುದಿಯಲ್ಲಿ ಕೂತು ಊಟ ಮಾಡಲು ಮೇರಿಗೆ ಅಪ್ಪಣೆ ಸಿಕ್ಕಿತು. ಅವನು ಮೂಗಿಗೆ ಲ್ಯಾವೆಂಡರ್, ತಂಬಾಕಿನ ಎಲೆ ತುರುಕಿಕೊಂಡು ಈಚೆಯ ತುದಿಯಲ್ಲಿ. ಕೇಳಿದ ಪ್ರಶ್ನೆಗೆ ಚುಟುಕಾಗಿ ಉತ್ತರ ಕೊಡಬೇಕು, ಅಷ್ಟೇ. ಮೇರಿ ಏನು ಉತ್ತರ ಕೊಡುತ್ತಿದ್ದಳೆಂದು ಗಲಿವರ್ ಬರೆದಿಲ್ಲ.